ಡೆಕ್ಟ್ ರೇಡಿಯೊ ಜಾಲದಲ್ಲಿ ಹ್ಯಾಂಡ್‌ಸೆಟ್ಟಿನ ಅಧಿಕಾರ

ಜಿಎಸ್ಎಂ ಮೊಬೈಲ್ ಜಾಲದಲ್ಲಿ ಯಾವ ಕರೆ ಯಾವ ಚಾನೆಲ್‌ನಲ್ಲಿ ಸಾಗಬೇಕು, ಒಂದು ಟವರಿನಿಂದ ಇನ್ನೊಂದಕ್ಕೆ ಯಾವಾಗ ದಾಟಬೇಕು ಎಂಬುದನ್ನು ಜಾಲವೇ ತೀರ್ಮಾನಿಸುತ್ತದೆ. ತನಗೆ ಸಿಕ್ಕ ಸಂಕೇತಗಳ ಬಲವನ್ನು ವರದಿ ಮಾಡುವುದಷ್ಟೇ ಫೋನಿನ ಕೆಲಸ. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ 1992ರಲ್ಲಿ ಪ್ರಕಟಿಸಿದ ಡೆಕ್ಟ್ ಮಾನಕ ಈ ಕ್ರಮವನ್ನು ತಿರುಗುಮುರುಗು ಮಾಡಿತು. ಮನೆ, ಕಚೇರಿಗಳ ಕಾರ್ಡ್‌ಲೆಸ್ ಫೋನುಗಳಿಗೆಂದು ರೂಪುಗೊಂಡ ಈ ವ್ಯವಸ್ಥೆಯಲ್ಲಿ ಚಾನೆಲ್ ಆರಿಸುವುದು ಹ್ಯಾಂಡ್‌ಸೆಟ್. ಡೆಕ್ಟ್‌ನ ಶಕ್ತಿ ಈ ಒಂದು ನಿರ್ಧಾರದಲ್ಲಿದೆ. ಅದರ ಒಂದು ದೊಡ್ಡ ದೌರ್ಬಲ್ಯವನ್ನೂ ಇಲ್ಲಿಂದಲೇ ಅರ್ಥಮಾಡಿಕೊಳ್ಳಬೇಕು.

ಯುರೋಪಿನಲ್ಲಿ ಡೆಕ್ಟ್‌ಗೆ ಮೀಸಲಾದದ್ದು 1880ರಿಂದ 1900 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿ. ಅದರಲ್ಲಿ 10 ವಾಹಕ ತರಂಗಗಳು. ಪ್ರತಿಯೊಂದರ ಮೇಲೂ 10 ಮಿಲಿಸೆಕೆಂಡಿನ ಫ್ರೇಮುಗಳು ಸಾಲಾಗಿ ಸಾಗುತ್ತವೆ. ಒಂದು ಫ್ರೇಮಿನಲ್ಲಿ 24 ಸ್ಲಾಟು. ಸಾಮಾನ್ಯವಾಗಿ ಮೊದಲ 12ರಲ್ಲಿ ಬೇಸ್ ಸ್ಟೇಷನ್ ಕಳಿಸುತ್ತದೆ, ಉಳಿದ 12ರಲ್ಲಿ ಹ್ಯಾಂಡ್‌ಸೆಟ್ ಉತ್ತರಿಸುತ್ತದೆ. ಒಟ್ಟು 120 ಜೋಡಿ ಚಾನೆಲ್‌ಗಳಾದವು. ಒಂದು ಸ್ಲಾಟಿನಲ್ಲಿ ಮಾತಿಗೆ ಸಿಗುವ ಜಾಗ 320 ಬಿಟ್. ಸೆಕೆಂಡಿಗೆ ನೂರು ಬಾರಿ ಸಿಗುವುದರಿಂದ 32 ಕಿಲೊಬಿಟ್ ವೇಗ, ದೂರವಾಣಿ ಧ್ವನಿಗೆ ಧಾರಾಳ.

ಬೇಸ್ ಸ್ಟೇಷನ್ ಎಂದೂ ಪೂರ್ತಿ ಮೌನವಾಗಿರುವುದಿಲ್ಲ. ಕರೆಯಿಲ್ಲದಾಗಲೂ ಕನಿಷ್ಠ ಒಂದು ಚಾನೆಲ್‌ನಲ್ಲಿ ತನ್ನ ಗುರುತನ್ನೂ ಜಾಲದ ವಿವರವನ್ನೂ ಬಿತ್ತರಿಸುತ್ತಿರುತ್ತದೆ. ಹ್ಯಾಂಡ್‌ಸೆಟ್ ತನ್ನ ಗಡಿಯಾರವನ್ನು ಆ ಬಿತ್ತರಕ್ಕೆ ಹೊಂದಿಸಿಕೊಂಡು, ಬ್ಯಾಟರಿ ಉಳಿಸಲು ನಿದ್ರಿಸಿ, ಕರೆ ಬಂದಿದೆಯೇ ಎಂದು ಆಗಾಗ ಎಚ್ಚೆತ್ತು ನೋಡುತ್ತದೆ. ನಡುನಡುವೆ ಎಲ್ಲ ಚಾನೆಲ್‌ಗಳ ಗದ್ದಲವನ್ನು ಅಳೆದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಹೊರಗಿನಿಂದ ಕರೆ ಬಂದರೂ ಬೇಸ್ ಕೂಗುತ್ತದೆಯಷ್ಟೇ. ಅತ್ಯಂತ ಶಾಂತವಾದ ಚಾನೆಲ್ ಆರಿಸಿ ಸಂಪರ್ಕ ತೆರೆಯುವುದು, ಸಾಮಾನ್ಯ ಕ್ರಮದಲ್ಲಿ, ಹ್ಯಾಂಡ್‌ಸೆಟ್ಟೇ. ಮಾತಿನ ನಡುವೆ ಗದ್ದಲ ಹೆಚ್ಚಿದರೆ ಅದು ಹಳೆಯ ಚಾನೆಲ್ ಬಿಡುವ ಮೊದಲೇ ಹೊಸದನ್ನು ಹಿಡಿಯುತ್ತದೆ. ಮಾತಾಡುವವರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಬೇರೆ ಬೇರೆ ಕಂಪನಿಯ ಫೋನುಗಳಿದ್ದರೂ ಯಾರೂ ತರಂಗಾಂತರ ಯೋಜನೆ ಮಾಡಬೇಕಿಲ್ಲದಿರುವುದು ಹೀಗೆ.

ದೂರದ ಪ್ರಶ್ನೆ ಬೇರೆ ಬಗೆಯದು. ಪ್ರಸಾರದ ಬಲ ಹೆಚ್ಚಿಸಿದರೆ ದೂರವೂ ಹೆಚ್ಚುತ್ತದೆಂಬ ಎಣಿಕೆ ಇಲ್ಲಿ ಅರ್ಧ ಮಾತ್ರ ನಿಜ. ಎರಡು ಸ್ಲಾಟುಗಳ ನಡುವಿನ ಬಿಡುವು ಸುಮಾರು 56 ಬಿಟ್, ಅಂದರೆ 49 ಮೈಕ್ರೊಸೆಕೆಂಡ್. ಅಷ್ಟರಲ್ಲಿ ರೇಡಿಯೊ ತರಂಗ 14.6 ಕಿಲೊಮೀಟರ್ ಸಾಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಅರ್ಧ, 7.3. ಗಡಿಯಾರಗಳ ಹೊಯ್ದಾಟ ಕಳೆದರೆ ಮಿತಿ 5 ಕಿಲೊಮೀಟರಿನ ಆಸುಪಾಸು. ಅದನ್ನು ದಾಟಿದರೆ ಉತ್ತರ ತಡವಾಗಿ ತಲುಪಿ ಮುಂದಿನ ಸ್ಲಾಟನ್ನು ಕೆಡಿಸುತ್ತದೆ.

ಮದ್ರಾಸ್ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ಟೆನೆಟ್ ಗುಂಪು 1990ರ ದಶಕದಲ್ಲಿ ಮೈಡಾಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ರೂಪಿಸಿದ ಕೋರ್‌ಡೆಕ್ಟ್ ಈ ಮಿತಿಯನ್ನೇ ಎದುರಿಸಿತು. ಸಮಯವನ್ನು ಸರಿಹೊಂದಿಸುವ ಉಪಾಯದಿಂದ ಅದು 10 ಕಿಲೊಮೀಟರ್ ತಲುಪಿತು. ನಡುವೆ ಮರುಪ್ರಸಾರದ ಬೇಸ್ ಇಟ್ಟರೆ 25. ಮನೆಯ ಗೋಡೆಗೆ ಕೂರಿಸಿದ ಪೆಟ್ಟಿಗೆಗೆ ಮಾಳಿಗೆಯ ಮೇಲೆ ಆಂಟೆನಾ. ಮಾತಾಡುತ್ತಲೇ ಸೆಕೆಂಡಿಗೆ 35 ಕಿಲೊಬಿಟ್ ಇಂಟರ್ನೆಟ್, ಫೋನ್ ಇಟ್ಟರೆ 70. ಮದುರೈ ಜಿಲ್ಲೆಯ ಮೇಲೂರಿನ ಹಳ್ಳಿ ಕಿಯೋಸ್ಕ್‌ಗಳಿಗೆ ಇಂಟರ್ನೆಟ್ ಬಂದದ್ದು ಇದರ ಮೂಲಕ. ಗೋಡೆಯ ಪೆಟ್ಟಿಗೆ ನಡೆದಾಡುವುದಿಲ್ಲವಾದ್ದರಿಂದ ಬೇಸ್‌ನಿಂದ ಬೇಸ್‌ಗೆ ದಾಟುವ ಸೌಲಭ್ಯಕ್ಕೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ಚಾನೆಲನ್ನು ತಾನೇ ಆರಿಸುವ ಗುಣ ಮಾತ್ರ ಪೂರ್ತಿ ಉಪಯೋಗಕ್ಕೆ ಬಂತು.

ಆದರೆ ಆರಿಸುವ ಅಧಿಕಾರವಿದ್ದ ಹ್ಯಾಂಡ್‌ಸೆಟ್ಟಿಗೆ ಪರೀಕ್ಷಿಸುವ ಹೊಣೆಯನ್ನು ಯಾರೂ ಕಡ್ಡಾಯವಾಗಿ ಹೊರಿಸಲಿಲ್ಲ. ಬೇಸ್ ಹ್ಯಾಂಡ್‌ಸೆಟ್ಟಿನ ಗುರುತನ್ನು ಕೇಳುತ್ತಿತ್ತು. ಬೇಸ್ ಅಸಲಿಯೇ ಎಂದು ಎಷ್ಟೋ ಹ್ಯಾಂಡ್‌ಸೆಟ್‌ಗಳು ಕೇಳುತ್ತಿರಲಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಅಗ್ಗದ ಡೆಕ್ಟ್ ಕಾರ್ಡೊಂದು ಬೇಸ್‌ನ ವೇಷ ಹಾಕಿ, ಗೂಢಲಿಪಿಯಿಲ್ಲದೆ ಮಾತು ಸಾಗುವಂತೆ ಮಾಡಬಲ್ಲದು ಎಂದು ಸಂಶೋಧಕರು 2008ರಲ್ಲಿ ತೋರಿಸಿದರು. ಮಾನಕಕ್ಕೆ ಮುಂದೆ ಎಇಎಸ್ ಆಧಾರಿತ ಹೊಸ ಗೂಢಲಿಪಿ ಸೇರಿತು. ಗೂಢಲಿಪಿ ಎಷ್ಟೇ ಗಟ್ಟಿಯಾದರೂ, ಬೇಸ್ ಹೇಳಿದೊಡನೆ ಅದನ್ನು ಕೈಬಿಡುವ ಹ್ಯಾಂಡ್‌ಸೆಟ್ಟಿಗೆ ಅದರಿಂದ ರಕ್ಷಣೆಯಿಲ್ಲ.