ಒಂದಕ್ಕೆ ಒಂದು: ಕಟ್ಟಡ ವಿದ್ಯೆಯಲ್ಲಿ ಪೂರ್ಣ ಗಾತ್ರದ ಪಾಠ

ಬೆಳಗಾವಿಯಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ಸಾಗಿದರೆ ಹುಕ್ಕೇರಿ ಸಿಗುತ್ತದೆ. ‘ಹೂವಿನ ಕೇರಿ’ ಎಂಬುದೇ ಹುಕ್ಕೇರಿಯಾಯಿತು, ಇಲ್ಲಿಯ ಗುಲಾಬಿ ಬಿಜಾಪುರದ ಆದಿಲ್‌ಶಾಹಿ ಅರಮನೆಗೆ ಹೋಗುತ್ತಿತ್ತು ಎಂದು ಆ ಕಡೆಯ ಜನ ಹೇಳುತ್ತಾರೆ. ಹೂವಿನ ಮಾತು ಹೇಗೇ ಇರಲಿ, ಆದಿಲ್‌ಶಾಹಿ ಕಾಲದ ಗುಮ್ಮಟಗಳಂತೂ ಅಲ್ಲಿ ಇಂದಿಗೂ ನಿಂತಿವೆ. ಓದುಗರೇ, ಮುಂದೆ ಎಂದಾದರೂ ನೀವು ಇಂಥದೊಂದು ಗುಮ್ಮಟದೊಳಗೆ ಹೋದರೆ ಎಲ್ಲರಂತೆ ಕತ್ತೆತ್ತಿ ನೆತ್ತಿಯನ್ನಷ್ಟೇ ನೋಡಿ ಹೊರಬರಬೇಡಿ. ಮೂಲೆಯನ್ನು ನೋಡಿ.

ಕೆಳಗೆ ಕೋಣೆ ಚೌಕ, ಮೇಲೆ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂಡಿಸಿದರೆ ನಾಲ್ಕು ಮೂಲೆಗಳಲ್ಲಿ ಆಧಾರವಿಲ್ಲದ ಜಾಗ ಉಳಿಯುತ್ತದೆ. ಗುಮ್ಮಟ ಕಟ್ಟುವವರು ಸಾಮಾನ್ಯವಾಗಿ ಹಿಡಿಯುತ್ತಿದ್ದ ದಾರಿಯೆಂದರೆ ಮೂಲೆಗೆ ಅಡ್ಡಲಾಗಿ ಕಮಾನು ಹಾಕಿ ಚೌಕವನ್ನು ಎಂಟು ಮುಖ ಮಾಡುವುದು, ಬೇಕಾದರೆ ಎಂಟನ್ನು ಹದಿನಾರು ಮಾಡಿ ಅಲ್ಲಿಂದ ದುಂಡಿಗೆ ಹೊರಳುವುದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟದಲ್ಲಿ ಇದೇ ವಿದ್ಯೆ ಬೇರೊಂದು ಎತ್ತರಕ್ಕೆ ಏರಿತು. ಸುಮಾರು 135 ಅಡಿ ಚೌಕದ ಕೋಣೆಯ ಮೇಲೆ ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳನ್ನು ಎಬ್ಬಿಸಿ, ಅವುಗಳ ನಡುವೆ ಉಳಿದ ವೃತ್ತದ ಮೇಲೆ ಗುಮ್ಮಟವನ್ನು ಇಳಿಸಿದ್ದಾರೆ.

ಈಗ ನನ್ನ ಪ್ರಶ್ನೆ ಇದು. ಆ ಮೂಲೆಯ ಕಮಾನಿನ ಒಂದೊಂದು ಕಲ್ಲು ಒಂದೊಂದು ಓರೆಯಾಗಿರಬೇಕು. ಆ ಓರೆಯನ್ನು ಕಲ್ಲು ಕಡಿಯುವವನು ಎಲ್ಲಿ ಕಲಿತ? ಅವನಿಗೆ ಕಾಲೇಜು ಇರಲಿಲ್ಲ. ಕಮಾನನ್ನು ಅಷ್ಟೇ ದೊಡ್ಡದಾಗಿ ನೆಲದ ಮೇಲೆ ಗೀರಿ, ಹಗ್ಗ ಮತ್ತು ಗೂಟದಿಂದ ವೃತ್ತ ತೆಗೆದು, ಹಲಗೆಯ ಫರ್ಮಾ ಕತ್ತರಿಸಿ ಕಲ್ಲಿಗೆ ಹಿಡಿದು ನೋಡುವುದು ಪ್ರಪಂಚದ ಎಲ್ಲ ಕಡೆಯ ಕಲ್ಲುಕೆಲಸದವರಿಗೂ ಗೊತ್ತಿದ್ದ ಉಪಾಯ. ಇದಕ್ಕೆ ಒಂದು ಸಾಕ್ಷಿಯೂ ಉಂಟು. ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ ಶಿವಾಲಯವೊಂದು ಅರ್ಧಕ್ಕೆ ನಿಂತುಹೋಗಿದೆ. ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರ, ಅಚ್ಚುಗೆರೆಗಳ ನಕ್ಷೆಗಳನ್ನು ಕೊರೆದದ್ದು ಹಾಗೆಯೇ ಉಳಿದಿದೆ. ಕೆಲಸ ಮುಗಿದ ಊರುಗಳಲ್ಲಿ ಇಂಥ ಗೀರುಗಳು ಕಾಲಡಿಯಲ್ಲಿ ಸವೆದುಹೋಗಿರಬೇಕು. ಭೋಜಪುರದಲ್ಲಿ ಕೆಲಸ ನಿಂತಿತು, ಪಾಠ ಉಳಿಯಿತು.

ವಾಸ್ತುಶಿಲ್ಪದ ವಿದ್ಯಾರ್ಥಿ ಇಂದು ಮನೆಯ ನಕ್ಷೆಯನ್ನು ನೂರಕ್ಕೆ ಒಂದರಂತೆ ಕುಗ್ಗಿಸಿ ಬರೆಯುತ್ತಾನೆ. ಕಿಟಕಿ ಗೋಡೆಗೆ ಹೇಗೆ ಕೂಡುತ್ತದೆ, ಮೆಟ್ಟಿಲಿನ ಅಂಚು ಹೇಗೆ ಮುಗಿಯುತ್ತದೆ ಎಂಬ ಬಿಡಿವಿವರಗಳನ್ನು ಐದಕ್ಕೆ ಒಂದು, ಹತ್ತಕ್ಕೆ ಒಂದು ಎಂದು ತುಸು ದೊಡ್ಡದಾಗಿ ತೋರಿಸುತ್ತಾನೆ. ಒಂದಕ್ಕೆ ಒಂದು, ಎಂದರೆ ವಸ್ತು ಇದ್ದಷ್ಟೇ ಗಾತ್ರದಲ್ಲಿ ಮಾಡಿ ನೋಡುವುದು ಮಾತ್ರ ಅಪರೂಪ. ಹಿಂದೆ ಪಾಠವೇ ಅಲ್ಲಿಂದ ಆರಂಭವಾಗುತ್ತಿತ್ತು.

ನಮ್ಮ ಭಾಗದ ಗುಡಿಗಳನ್ನೇ ನೋಡಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಅದರ ಒಳಮಾಳಿಗೆಯಿಂದ ತೂಗುವ ಕಲ್ಲಿನ ಕಮಲದ ಬಗ್ಗೆ ಎಲ್ಲರೂ ಮೆಚ್ಚುಗೆಯ ಮಾತಾಡುತ್ತಾರೆ. ನನಗೆ ಅದರ ಸುತ್ತಿನ ಸಂದುಗಳ ಮೇಲೆ ಹೆಚ್ಚು ಪ್ರೀತಿ. ಅಷ್ಟು ಭಾರದ ಕಲ್ಲನ್ನು ಮೇಲೇರಿಸಿದ ಮೇಲೆ ‘ಅರ್ಧ ಬೆರಳು ಹೆಚ್ಚಾಯಿತು’ ಎಂದರೆ ತಿದ್ದುವುದು ಎಲ್ಲಿ? ನೆಲದ ಮೇಲೆಯೇ ಅಳತೆ ಕೂಡಿಸಿ ನೋಡದೆ ಇಂಥ ಕೆಲಸ ಸಾಧ್ಯವಿಲ್ಲ.

ಕೆಲಸಗಾರನ ಹೆಸರೂ ನಮಗೆ ಅಲ್ಲಲ್ಲಿ ಸಿಗುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದಳು. ಅಲ್ಲಿಯ ಶಾಸನಗಳು ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಗೆ ಸಂದ ಗೌರವವನ್ನು ಹೇಳುತ್ತವೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನನ್ನು ಹೊಗಳುವಾಗ ಅವನು ಮನೆ, ಪ್ರಾಸಾದಗಳ ಜೊತೆಗೆ ವಾಹನ, ಆಸನ, ಮಂಚ, ಮಣಿಮುಕುಟಗಳಲ್ಲಿಯೂ ನಿಪುಣ ಎನ್ನುತ್ತವೆ. ಈ ಪಟ್ಟಿಯನ್ನು ಬರಿಯ ಹೊಗಳಿಕೆ ಎಂದು ದಾಟಬೇಡಿ. ಮಂಚದ ಕಾಲು, ಕಿರೀಟದ ಮಣಿ ಕೈಯಲ್ಲಿ ಹಿಡಿದು ಮಾಡುವ ವಸ್ತುಗಳು. ಅಂಥ ಕೈ ಗುಡಿಯ ಅಚ್ಚುಗೆರೆಗೂ ಬಂದಿತು ಎಂಬುದು ಅದರ ಅರ್ಥ.

ಕಿರಿದು ಮಾಡಿ ತೋರಿಸುವ ಕಲೆ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ಲಕ್ಕುಂಡಿಯ ಕಾಶೀವಿಶ್ವೇಶ್ವರ ಗುಡಿಯ ಗೋಡೆಯ ಮೇಲೆ ಬೇರೆ ಬೇರೆ ಬಗೆಯ ಶಿಖರಗಳ ಪುಟ್ಟ ಗುಡಿಗಳನ್ನು ಸಾಲಾಗಿ ಕೆತ್ತಿದ್ದಾರೆ, ಶಿಲ್ಪಿಯೊಬ್ಬ ತನ್ನ ಮಾದರಿ ಪುಸ್ತಕವನ್ನು ಕಲ್ಲಿನಲ್ಲಿ ಬಿಚ್ಚಿಟ್ಟ ಹಾಗೆ. ಆದರೆ ಸಂದು ಕೂಡಿಸುವುದನ್ನು ಈ ಪುಟ್ಟ ಮಾದರಿಗಳು ಕಲಿಸಲಾರವು. ಕುಗ್ಗಿದ ಮಾದರಿಯಲ್ಲಿ ಭಾರವಿಲ್ಲ, ಕೈಗೆ ತಾಗುವ ಅಂಚಿಲ್ಲ, ನೀರು ಹರಿಯುವುದಿಲ್ಲ.

ಗುಡಿ, ಗುಮ್ಮಟ ಬಿಟ್ಟು ಮನೆಗೆ ಬನ್ನಿ. ಹುಕ್ಕೇರಿ, ಗೋಕಾಕ ಸೀಮೆಯ ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಗೋಡೆ ಗೌಂಡಿಯದು, ಕಟ್ಟಿಗೆ ಬಡಿಗೇರನದು. ಬಡಿಗೇರರ ಹುಡುಗ ಮೊದಲು ಉಳಿ ಮಸೆಯುತ್ತಾನೆ, ಆಮೇಲೆ ಅಪ್ಪ ಗೀರಿದ ಗೆರೆಯ ಮೇಲೆ ಕೊರೆಯುತ್ತಾನೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಕಟ್ಟಿಗೆಯ ನಾಲಿಗೆ ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂಡಬೇಕು. ಸಡಿಲಾದರೆ ಬಾಗಿಲು ಜೋಲುತ್ತದೆ, ತೀರ ಬಿಗಿಯಾದರೆ ಕಟ್ಟಿಗೆ ಸೀಳುತ್ತದೆ. ಈ ನಡುವಿನ ಹದಕ್ಕೆ ಅಂಕಿ ಇಲ್ಲ. ಕೊಡತಿಯ ಪೆಟ್ಟಿನ ಸದ್ದು ಬದಲಾಗುವುದನ್ನು ಕೇಳಿ ತಿಳಿಯಬೇಕು.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆಂದು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಆ ವಿದ್ಯೆ ಮನೆತನದೊಳಗೇ ಉಳಿಯುತ್ತಿತ್ತು. ಬಡಿಗೇರರ ಮಗನಿಗೆ ಉಳಿ ಸಿಕ್ಕಿತು, ಬೇರೆಯವರ ಮಗನಿಗೆ ಬೇಕೆಂದರೂ ಸಿಗಲಿಲ್ಲ. ಹೆಣ್ಣುಮಕ್ಕಳು ಮಣ್ಣು ಹೊತ್ತರು, ಗೋಡೆ ಸಾರಿಸಿದರು, ಆದರೆ ಸೂತ್ರ ಹಿಡಿಯಲಿಲ್ಲ. ಕಾಲೇಜು ಬಂದದ್ದರಿಂದ ಬಾಗಿಲು ಎಲ್ಲರಿಗೂ ತೆರೆಯಿತು ಎಂಬುದನ್ನು ಮರೆಯಬಾರದು.

ಗೋಕಾಕದ ಹೆಸರು ಬಂದ ಮೇಲೆ ಅಲ್ಲಿಯ ಗೊಂಬೆಗಳ ಮಾತು ಬಿಡಲಾದೀತೇ? ಹಗುರ ಮರದಲ್ಲಿ ಕೆತ್ತಿ, ಲೇಪ ಹಚ್ಚಿ, ಬಣ್ಣ ಹೊಡೆದ ಗೋಕಾಕದ ಹಣ್ಣು ಕಾಯಿಗಳು ನಾಡಿಗೆಲ್ಲ ಗೊತ್ತು. ಅವುಗಳ ಸೊಗಸೇ ಪೂರ್ಣ ಗಾತ್ರದಲ್ಲಿದೆ. ಬುಟ್ಟಿಯಲ್ಲಿ ನಿಜವಾದ ಹಣ್ಣಿನ ಜೊತೆ ಇಟ್ಟರೆ ಕೈ ಹಾಕಿದವನು ಮೋಸಹೋಗಬೇಕು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇದಕ್ಕೆ ತಿರುವುಮುರುವಾದ ಕಥೆಯೊಂದಿದೆ. ಅಲ್ಲಿಯ ದೊಡ್ಡ ಚರ್ಚಿನ ಗುಮ್ಮಟವನ್ನು 1420ರಿಂದ ಎಬ್ಬಿಸಿದ ಬ್ರುನೆಲೆಸ್ಕಿ, ಕಲ್ಲುಗಳು ಒಂದಕ್ಕೊಂದು ಹೇಗೆ ಕೂಡಬೇಕೆಂದು ಕೆಲಸಗಾರರಿಗೆ ತೋರಿಸಲು ಟರ್ನಿಪ್ ಗಡ್ಡೆಗಳನ್ನೇ ಚಾಕುವಿನಿಂದ ಕೊರೆದು ಕೊಡುತ್ತಿದ್ದನಂತೆ. ಗೋಕಾಕದವರು ಮರದಲ್ಲಿ ಕಾಯಿ ಮಾಡಿದರು, ಆತ ಗಡ್ಡೆಯಲ್ಲಿ ಕಲ್ಲು ಮಾಡಿದ. ರೋಮ್ ನಗರದ ಫಾರ್ನೇಸೆ ಅರಮನೆಯಲ್ಲಿ ಮೈಕೆಲೇಂಜೆಲೊ ಇನ್ನೂ ಮುಂದೆ ಹೋದ. ಗೋಡೆಯ ತುದಿಯ ಅಂಚಿನ ತುಣುಕೊಂದನ್ನು ಮರದಲ್ಲಿ ಪೂರ್ಣ ಗಾತ್ರದಲ್ಲಿ ಮಾಡಿಸಿ, ಕಟ್ಟಡದ ಮೂಲೆಗೆ ಏರಿಸಿ, ಕೆಳಗೆ ನಿಂತು ನೋಡಿದ ಮೇಲೆಯೇ ಕಲ್ಲಿಗೆ ಕೈ ಹಾಕಿದ್ದು.

ಎಲ್ಲ ಸಲವೂ ಫಲ ಸಿಗುತ್ತದೆಂದೇನೂ ಇಲ್ಲ. 1912ರಲ್ಲಿ ಹಾಲೆಂಡಿನಲ್ಲಿ ಕ್ರೋಲರ್ ಮುಲ್ಲರ್ ದಂಪತಿಗಾಗಿ ಮೀಸ್ ವ್ಯಾನ್ ಡೆರ್ ರೋಹೆ ಎಂಬ ತರುಣ ವಾಸ್ತುಶಿಲ್ಪಿ ಇಡೀ ಮನೆಯನ್ನೇ ಮರದ ಚೌಕಟ್ಟು ಮತ್ತು ಡೇರೆ ಬಟ್ಟೆಯಲ್ಲಿ ಪೂರ್ಣ ಗಾತ್ರಕ್ಕೆ ಎಬ್ಬಿಸಿ ತೋರಿಸಿದ. ಮನೆಯವರು ನೋಡಿದರು, ಬೇಡವೆಂದರು.

ನಮ್ಮ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದದ್ದರಿಂದ ಆಧುನಿಕ ಕಟ್ಟಡ ಶಿಕ್ಷಣದ ಗಾಳಿಯೂ ಆ ಕಡೆಯಿಂದಲೇ ಬೀಸಿತು. ಮುಂಬಯಿಯ ಜೆ. ಜೆ. ಕಲಾಶಾಲೆ 1857ರಲ್ಲಿ ಆರಂಭವಾಯಿತು. 1865ರಲ್ಲಿ ಅಲ್ಲಿಗೆ ಶಿಲ್ಪ ಕಲಿಸಲು ಬಂದವರು ಲಾಕ್‌ವುಡ್ ಕಿಪ್ಲಿಂಗ್, ಕಥೆಗಾರ ರುಡ್ಯಾರ್ಡ್ ಕಿಪ್ಲಿಂಗನ ತಂದೆ. ವರ್ಣಚಿತ್ರ, ಜೇಡಿಮಣ್ಣಿನ ಮಾದರಿ, ಕಬ್ಬಿಣದ ಕೆಲಸ ಎಂದು ಶಾಲೆಯಲ್ಲಿ ಕಾರ್ಯಾಗಾರಗಳಿದ್ದವು. 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ವಿಕ್ಟೋರಿಯಾ ಟರ್ಮಿನಸ್ ಕಟ್ಟಡದ ಅಲಂಕಾರದಲ್ಲಿ ಈ ಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎಂಬ ಹೆಸರಿನ ಆ ನಿಲ್ದಾಣದಲ್ಲಿ ಇಳಿದಾಗ ಕಂಬದ ತಲೆಯ ಎಲೆ, ಹಕ್ಕಿ, ಪ್ರಾಣಿಗಳನ್ನು ಗಮನಿಸಿ. ಹುಡುಗರು ತರಗತಿಯಲ್ಲಿ ಕಲಿತದ್ದು ಊರಿನ ಕಟ್ಟಡಕ್ಕೆ ಏರಿದ ಅಪರೂಪದ ಗಳಿಗೆ ಅದು.

ಮುಂದೆ ದಾರಿ ಕವಲೊಡೆಯಿತು. ಲೋಕೋಪಯೋಗಿ ಇಲಾಖೆಗೆ ಬೇಕಾದದ್ದು ಎಲ್ಲ ಊರಿಗೂ ಹೊಂದುವ ನಕ್ಷೆ. ಒಂದೇ ಹಾಳೆಯಿಂದ ಹತ್ತು ತಾಲೂಕುಗಳಲ್ಲಿ ಕಚೇರಿ ಕಟ್ಟಬಹುದಾದರೆ ಊರಿನ ಗೌಂಡಿಯ ಬುದ್ಧಿಗೆ ಏನು ಕೆಲಸ? ಬರೆಯುವವನು ಬೇರೆ, ಕಟ್ಟುವವನು ಬೇರೆ ಆದ. ಬರೆಯುವವನಿಗೆ ಪದವಿ, ಕಟ್ಟುವವನಿಗೆ ದಿನಗೂಲಿ. ಹೆನ್ರಿ ಕಸಿನ್ಸ್ ಬಿಜಾಪುರದ ಮೇಲೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಮೇಲೆ 1926ರಲ್ಲಿ ಹೊರತಂದ ಗ್ರಂಥಗಳ ಅಳತೆಯ ನಕ್ಷೆಗಳು ಅಚ್ಚುಕಟ್ಟಾಗಿವೆ, ಅವುಗಳಿಗೆ ನಾವು ಋಣಿಗಳು. ಆದರೆ ಆ ಹಾಳೆಗಳಲ್ಲಿ ಕಲ್ಲು ಗೆರೆಯಾಗಿದೆ. ಗೆರೆಯನ್ನು ಮತ್ತೆ ಕಲ್ಲು ಮಾಡುವುದು ಹೇಗೆಂದು ತಿಳಿದವನು ಬೇಕು.

ಕಡಿದುಹೋದ ಈ ಎಳೆಯನ್ನು ಸೇರಿಸಲು ಯತ್ನಗಳು ನಡೆದವು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ತೆರೆದ ಬೌಹೌಸ್ ಶಾಲೆ ವಿದ್ಯಾರ್ಥಿಯನ್ನು ಕಾರ್ಯಾಗಾರಕ್ಕೆ ಎಳೆದು ತಂದಿತು. 1923ರ ಪ್ರದರ್ಶನಕ್ಕೆ ಅವರು ಇಡೀ ಮನೆಯೊಂದನ್ನು ಕಟ್ಟಿ, ಪೀಠೋಪಕರಣವನ್ನೂ ತಾವೇ ಮಾಡಿಟ್ಟರು. ನಮ್ಮ ನಾಡಿನಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅದು ವಾಸ್ತುಶಿಲ್ಪ ಶಾಲೆಯಲ್ಲ. ಆದರೂ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಇಟ್ಟಿಗೆ ಮಾಡಿ, ನಿಜವಾದ ಗೋಡೆಗಳನ್ನೇ ಕಟ್ಟಿ ಪರೀಕ್ಷಿಸಿದರು. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಹಳ್ಳಿಯ ಮಳೆಯೇ ಅಲ್ಲಿ ಪರೀಕ್ಷಕ.

ಮಳೆ ಹೇಗೆ ಪರೀಕ್ಷೆ ಮಾಡುತ್ತದೆಂದು ಒಂದು ಉದಾಹರಣೆ ಕೊಡುತ್ತೇನೆ. ಕಿಟಕಿಯ ಕೆಳಗೆ ಹೊರಚಾಚಿದ ಕಲ್ಲೊಂದನ್ನು ವಿದ್ಯಾರ್ಥಿ ಹಾಳೆಯ ಮೇಲೆ ಒಂದು ಗೆರೆಯಾಗಿ ಬರೆಯುತ್ತಾನೆ. ಚೆಂದ ಕಾಣುತ್ತದೆ. ಅದನ್ನೇ ಪೂರ್ಣ ಗಾತ್ರದಲ್ಲಿ ಕೂಡಿಸಿ ಮೇಲಿನಿಂದ ಒಂದು ತಂಬಿಗೆ ನೀರು ಸುರಿಯಲು ಹೇಳಿ. ನೀರು ಅಂಚಿಗೆ ಬಂದು ನೆಟ್ಟಗೆ ಕೆಳಗೆ ಬೀಳುವುದಿಲ್ಲ, ಕಲ್ಲಿನ ಅಡಿಯನ್ನೇ ಅಂಟಿಕೊಂಡು ಹಿಂದೆ ಸರಿದು ಗೋಡೆಗೆ ಇಳಿಯುತ್ತದೆ. ಮಣ್ಣಿನ ಗೋಡೆಯಾದರೆ ಕೆಲವೇ ಮಳೆಗಾಲಗಳಲ್ಲಿ ಅಲ್ಲಿ ಕೊರಕಲು. ಅಡಿಯಲ್ಲಿ ಅಂಚಿನಿಂದ ಒಂದು ಬೆರಳು ಒಳಗೆ ಉದ್ದಕ್ಕೂ ಒಂದು ಗೀರು ತೆಗೆದರೆ ನೀರು ಅದನ್ನು ದಾಟಲಾರದೆ ಅಲ್ಲಿಯೇ ಹನಿಯುತ್ತದೆ. ಪಠ್ಯಪುಸ್ತಕದಲ್ಲಿಯೂ ಈ ಮಾತಿದೆ. ತಂಬಿಗೆಯ ನೀರು ತನ್ನ ಚಪ್ಪಲಿಯ ಮೇಲೆ ಬಿದ್ದ ಹುಡುಗಿ ಅದನ್ನು ಇನ್ನು ಮರೆಯುವುದಿಲ್ಲ.

ವಾಸ್ತುಶಿಲ್ಪಿಗಳ ಕಾನೂನು 1972ರಲ್ಲಿ ಬಂದಿತು. ಶಿಕ್ಷಣದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದ 1983ರ ನಿಯಮಗಳು ಐದು ವರ್ಷದ ಓದನ್ನೂ ಅದರಲ್ಲಿ ಆರು ತಿಂಗಳ ಪ್ರಾಯೋಗಿಕ ತರಬೇತಿಯನ್ನೂ ಹಾಕಿಕೊಟ್ಟವು. ಆದರೆ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕುಳಿತು ನಕ್ಷೆ ಬರೆದರೂ ಅದು ತರಬೇತಿಯೇ. ಗಣಕಯಂತ್ರ ಬಂದ ಮೇಲೆ ಇನ್ನೊಂದು ತೊಡಕು. ಪರದೆಯ ಮೇಲೆ ಅಳತೆಯೇ ಇಲ್ಲ, ಬಾಗಿಲ ಬಿಜಾಗರಿಯನ್ನು ಆನೆಯಷ್ಟು ಹಿಗ್ಗಿಸಿ ಮತ್ತೆ ಸಾಸಿವೆ ಮಾಡಬಹುದು. ಪೂರ್ಣ ಗಾತ್ರದ ಮಾದರಿಗೆ ಜಾಗ ಬೇಕು, ಹಣ ಬೇಕು, ಕೆಟ್ಟ ಕಟ್ಟಿಗೆಯನ್ನು ಎಸೆಯುವ ಧೈರ್ಯ ಬೇಕು ಎಂದು ಅಧ್ಯಾಪಕರು ಹೇಳುವುದು ಸುಳ್ಳಲ್ಲ. ಆದ್ದರಿಂದ ಇಡೀ ಮನೆ ಬೇಡ, ಒಂದು ಮೂಲೆ ಸಾಕು ಎನ್ನುತ್ತೇನೆ. ಒಂದು ಕಿಟಕಿ, ಎರಡು ಮೆಟ್ಟಿಲು, ಒಂದು ಮೊಳ ಕಮಾನು. ಪಾಠ ಹೇಳಲು ಊರಿನ ಗೌಂಡಿಯನ್ನು ಕರೆದು, ಅಧ್ಯಾಪಕರಿಗೆ ಕೊಟ್ಟ ಹಾಗೆ ಗೌರವಧನ ಕೊಡಿ.

ಕಾಯುವಷ್ಟು ಸಮಯವಂತೂ ಇಲ್ಲ. ಹಳೆಯ ಮನೆ ಬಿಚ್ಚಿದಾಗ ಚೌಕಟ್ಟು, ಕಂಬಗಳು ಲಾರಿ ಏರಿ ದೂರದ ಊರಿನ ಹೋಟೆಲು, ತೋಟದ ಮನೆಗಳಿಗೆ ಅಲಂಕಾರಕ್ಕೆ ಹೋಗುತ್ತವೆ. ಅಲ್ಲಿ ಅವು ನಿಲ್ಲುತ್ತವೆ ನಿಜ, ಆದರೆ ಯಾವ ಗೋಡೆಗೆ ಹೇಗೆ ಕೂಡಿದ್ದವೆಂಬುದು ಹೋಗಿಬಿಡುತ್ತದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಬಾಗಿಲು ಬಿಚ್ಚುವ ದಿನ ಬಂದರೆ, ಅದಕ್ಕೆ ಮೊದಲು ದಪ್ಪ ಕಾಗದವನ್ನು ಅಂಚಿಗೆ ಒತ್ತಿ ಹಿಡಿದು ಪೆನ್ಸಿಲಿನಿಂದ ಅದರ ಏರಿಳಿತವನ್ನು ಇದ್ದಷ್ಟೇ ಗಾತ್ರದಲ್ಲಿ ಎತ್ತಿಕೊಳ್ಳಿ. ನಾಲಿಗೆ ತೂತಿನಿಂದ ಹೊರಬಂದ ಮೇಲೆ ಅದರ ಉದ್ದ, ದಪ್ಪವನ್ನೂ ಗುರುತು ಮಾಡಿ. ಕಾಗದ ಸಾಲದಿದ್ದರೆ ಎರಡು ಹಾಳೆಗಳನ್ನು ಹಿಟ್ಟಿನ ಅಂಟು ಹಚ್ಚಿ ಸೇರಿಸಿಕೊಳ್ಳಬಹುದು. ಊರು, ಓಣಿ, ಬಿಚ್ಚಿದ ತಾರೀಖು, ಬಿಚ್ಚಿದ ಬಡಿಗೇರನ ಹೆಸರು ಇಷ್ಟನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ.