ಪಾಚಿಗೆ ಮದ್ದು ಬಸವನಹುಳು

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರಿಗೆ ಪಾಚಿಯ ಕಾಟ ತಪ್ಪಿದ್ದಲ್ಲ. ಈ ಹವ್ಯಾಸಕ್ಕೆ ಎಷ್ಟು ವಯಸ್ಸೋ ಆ ಕಾಟಕ್ಕೂ ಅಷ್ಟೇ ವಯಸ್ಸು.

ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಔಷಧ ತಯಾರಕರ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ. ನೀರು ಬದಲಿಸದೆ ಮೀನು ಸಾಕಲು ಸಾಧ್ಯವೇ ಎಂದು 1849ರಲ್ಲಿ ಆತ ಪರೀಕ್ಷೆಗೆ ತೊಡಗಿದ. ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಪುಟ್ಟ ಚಿನ್ನದ ಮೀನು ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಬೆಳಕಿನಲ್ಲಿ ಗಿಡ ಆಮ್ಲಜನಕ ಬಿಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂಬುದು ಆತನ ಲೆಕ್ಕಾಚಾರ.

ಲೆಕ್ಕ ಸರಿಯಾಗಿತ್ತು, ಆದರೆ ಪೂರ್ಣವಾಗಿರಲಿಲ್ಲ. ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಅಂಟಿತು. ಔಷಧದ ನಡುವೆಯೇ ಬದುಕುತ್ತಿದ್ದ ಆತ ಔಷಧಕ್ಕೆ ಕೈಹಾಕದೆ, ಕೊಳದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ಮೇಯ್ದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು.

ಮುಂದೆ ಅಕ್ವೇರಿಯಂ ಇಂಗ್ಲೆಂಡಿನಲ್ಲಿ ಹುಚ್ಚಾಗಿ ಹಬ್ಬಿತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ 'ದಿ ಅಕ್ವೇರಿಯಂ' ಪುಸ್ತಕ ಬಂತು. ಆದರೆ ಅಂದಕ್ಕೆಂದು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ತೊಟ್ಟಿಯ ನೀರೇ ಹಸಿರಾದರೆ ಬಸವನಹುಳು ಏನೂ ಮಾಡಲಾರದು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ ಅದರ ಬಾಯಿಗೆ ಸಿಗುವುದಿಲ್ಲ.

ಅದಕ್ಕೆ ದಾರಿ ಕತ್ತಲು ಎಂಬುದನ್ನು ಕಾರ್ಯರೂಪಕ್ಕೆ ತಂದವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ ಆತ ನೆಲದಡಿಯ ಕತ್ತಲ ಜಲಾಶಯಕ್ಕೂ ಪ್ರದರ್ಶನದ ತೊಟ್ಟಿಗಳಿಗೂ ನಡುವೆ ನೀರು ಸುತ್ತುವಂತೆ ಮಾಡಿದ. ಬೆಳಕಿಲ್ಲದೆ ಪಾಚಿ ಬೆಳೆಯದು.

ಇಂದಿನ ಮನೆಯ ತೊಟ್ಟಿಗೂ ಸೂತ್ರ ಅದೇ. ನೇರ ಬಿಸಿಲು ಬೇಡ. ದೀಪ ದಿನಕ್ಕೆ ಎಂಟು ಗಂಟೆ ಸಾಕು. ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು, ಉಳಿದದ್ದು ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಚೆನ್ನಾಗಿ ಬೆಳೆಯುವ ಗಿಡಗಳಿದ್ದರೆ ಆ ಗೊಬ್ಬರ ಪಾಚಿಗೆ ದಕ್ಕುವ ಮೊದಲೇ ಅವುಗಳ ಪಾಲಾಗುತ್ತದೆ. ಅಂಗಡಿಯ ಪಾಚಿನಾಶಕ ಸುಲಭವಾಗಿ ಕಾಣಬಹುದು. ಆದರೆ ಅದರಲ್ಲಿ ತಾಮ್ರವಿದ್ದರೆ ಮೊದಲು ಸಾಯುವುದು, ವಾರಿಂಗ್ಟನ್ ನೆಚ್ಚಿಕೊಂಡಿದ್ದ ಆ ಬಸವನಹುಳುವೇ.