ಯಶೋಧರ ಚರಿತೆ: ಅರಮನೆಯ ದಾಂಪತ್ಯ ಮತ್ತು ಹಿಟ್ಟಿನ ಕೋಳಿಯ ಪಾಪ

ಯಶೋಧರನ ಕಥೆ ಕೇಳದ ಜೈನ ಮನೆ ಕಡಿಮೆ. ಆದರೆ ಅನೇಕ ಕಡೆ ಇದನ್ನು "ರಾಣಿಯೊಬ್ಬಳು ಮಾವುತನಿಗೆ ಮನಸೋತು ಕೆಟ್ಟ ಕಥೆ" ಎಂದು ಹೇಳಿ, ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆಯ ಮಾತು ಸೇರಿಸಿ ಮುಗಿಸಿಬಿಡುತ್ತಾರೆ. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ಕೇಳಿದವನು. ಅಂಗಡಿಯ ಜವಾಬ್ದಾರಿ ಮಕ್ಕಳಿಗೆ ಒಪ್ಪಿಸಿದ ಮೇಲೆ ಗದ್ಯಾನುವಾದ ಇಟ್ಟುಕೊಂಡು ಕಾವ್ಯವನ್ನೇ ಓದಿದೆ. ಆಗ ತಿಳಿಯಿತು, ಕವಿ ಹೇಳಿದ್ದು ಅಷ್ಟೇ ಅಲ್ಲ.

ಕವಿ ಮತ್ತು ಕೃತಿ

ಜನ್ನ ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನದ ಜೈನ ಕವಿ. 'ಕವಿಚಕ್ರವರ್ತಿ' ಎಂಬ ಬಿರುದು ಪಡೆದವನು. ಯಶೋಧರ ಚರಿತೆಯನ್ನು 1209ರಲ್ಲಿ, ಬಹುಪಾಲು ಕಂದಪದ್ಯಗಳಲ್ಲಿ ಬರೆದ. ಈ ಕಥೆ ಅವನಿಗಿಂತ ಹಳೆಯದು. ಸೋಮದೇವ ಸೂರಿಗಳು 959ರಲ್ಲಿ ಸಂಸ್ಕೃತದಲ್ಲಿ 'ಯಶಸ್ತಿಲಕ' ರಚಿಸಿದ್ದರು; ವಾದಿರಾಜರೂ ಇದೇ ಕಥೆಯನ್ನು ಸಂಸ್ಕೃತದಲ್ಲಿ ಬರೆದಿದ್ದರು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೂ ಇದೇ ಆಧಾರ.

ಅಂದಿನ ಅರಮನೆ

ರಾಜರಿಗೆ ಹಲವು ರಾಣಿಯರಿರುವುದು, ರಾಣಿಯರಲ್ಲದೆ ಪ್ರೇಯಸಿಯರೂ ಇರುವುದು ಅಂದು ಗುಟ್ಟಿನ ವಿಷಯವಾಗಿರಲಿಲ್ಲ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ ಮತ್ತು ಬೆಳ್ಳಿಯ ಛತ್ರಿ ಕೊಟ್ಟದ್ದು ಅಲ್ಲಿನ ಶಾಸನದಲ್ಲೇ ಇದೆ. ದೊರೆಯ ಪ್ರೇಯಸಿಯ ಹೆಸರು ಗೌರವದಿಂದ ಕಲ್ಲಿನ ಮೇಲೆ ನಿಂತಿತು. ಆದರೆ ರಾಣಿ ಅದೇ ದಾರಿ ಹಿಡಿದರೆ ಕುಲಕ್ಕೇ ಕಳಂಕ ಎನ್ನುತ್ತಿದ್ದರು. ತೂಕದ ಕಲ್ಲು ಎರಡು ಇತ್ತು ಎಂಬುದನ್ನು ಮರೆಯದೆ ಅಮೃತಮತಿಯ ಕಥೆ ಓದಬೇಕು.

ಕಥೆಯ ಸಾರ

ಉಜ್ಜಯಿನಿಯ ರಾಜ ಯಶೋಧರ, ರಾಣಿ ಅಮೃತಮತಿ. ಒಂದು ರಾತ್ರಿ ಗಜಶಾಲೆಯ ಕಡೆಯಿಂದ ಕೇಳಿಬಂದ ಹಾಡಿಗೆ ರಾಣಿ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಮಾವುತ ಅಷ್ಟಾವಂಕ. ರೂಪ ತಿಳಿದ ಮೇಲೂ ಅವಳ ಮನಸ್ಸು ಹಿಂದೆ ಸರಿಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸುತ್ತಾಳೆ. ಹಿಂಬಾಲಿಸಿ ಬಂದ ರಾಜ ಇದನ್ನೆಲ್ಲ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ.

ಅಲ್ಲಿಯವರೆಗೆ ಯಶೋಧರ ದೊಡ್ಡವನೇ. ಅವನು ಎಡವುವುದು ಮರುದಿನ. ತಾಯಿ ಚಂದ್ರಮತಿ ಮಗನ ಬಾಡಿದ ಮುಖ ನೋಡಿ ಕಾರಣ ಕೇಳಿದಾಗ ನಡೆದದ್ದನ್ನು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ತಾಯಿ ಅದನ್ನು ನಂಬಿ, ಶಾಂತಿಗಾಗಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಹಿಂಸೆ ಒಲ್ಲೆನೆಂದರೂ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗಿತು ಎನ್ನುತ್ತದೆ ಕಾವ್ಯ. ಮನನೊಂದ ರಾಜ ರಾಜ್ಯವನ್ನು ಮಗ ಯಶೋಮತಿಗೆ ಒಪ್ಪಿಸಿ ತಪಸ್ಸಿಗೆ ಹೊರಡುವಷ್ಟರಲ್ಲಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಉಣಿಸಿ ಕೊಲ್ಲುತ್ತಾಳೆ.

ಸಂಕಲ್ಪ ಹಿಂಸೆ

ಅಮೃತಮತಿಯ ಪಾಪಕ್ಕೆ ಕವಿ ರಿಯಾಯಿತಿ ತೋರಿಸುವುದಿಲ್ಲ. ಅವಳಿಗೆ ನರಕವೇ ಗತಿ. ಆದರೆ ಕಾವ್ಯದ ಹೆಚ್ಚಿನ ಭಾಗ ಅವಳ ಶಿಕ್ಷೆಗೆ ಮೀಸಲಾಗಿಲ್ಲ. ಮೋಸಹೋದ ಗಂಡ ಮತ್ತು ಅವನ ತಾಯಿ ಜನ್ಮಜನ್ಮಾಂತರ ಅನುಭವಿಸಿದ ಕಷ್ಟವೇ ಅಲ್ಲಿ ಮುಖ್ಯ. ಮಗ ನವಿಲಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಹುಟ್ಟುತ್ತಾನೆ. ತಾಯಿ ನಾಯಿಯಾಗಿ, ಹಾವಾಗಿ, ಮೊಸಳೆಯಾಗಿ ಹುಟ್ಟುತ್ತಾಳೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಕೊನೆಗೆ ಇಬ್ಬರೂ ಯಶೋಮತಿಯ ಅವಳಿ ಮಕ್ಕಳಾದ ಅಭಯರುಚಿ ಮತ್ತು ಅಭಯಮತಿಯಾಗಿ ಹುಟ್ಟುತ್ತಾರೆ. ಅವರನ್ನೇ ಚಂಡಮಾರಿಗೆ ಬಲಿ ಕೊಡಲು ಹೊರಟಿದ್ದ ಮಾರಿದತ್ತ ರಾಜ, ಅವರ ಬಾಯಿಂದ ಈ ಕಥೆ ಕೇಳಿ ಹಿಂಸೆ ಬಿಡುತ್ತಾನೆ.

ಜನ್ನನ ಇನ್ನೊಂದು ಕಥೆ

ಜನ್ನ ಹೆಣ್ಣನ್ನೇ ದೂರುವ ಕವಿ ಎನ್ನುವವರು 1230ರ ಅವನ ಅನಂತನಾಥ ಪುರಾಣದ ಚಂಡಶಾಸನನ ಕಥೆಯನ್ನೂ ಓದಬೇಕು. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದ ಚಂಡಶಾಸನ, ಗೆಳೆಯನ ಪತ್ನಿ ಸುನಂದೆಯನ್ನೇ ಅಪಹರಿಸುತ್ತಾನೆ. ಅವಳು ಒಲಿಯುವುದಿಲ್ಲ. ಗಂಡ ಸತ್ತನೆಂದು ಸುಳ್ಳು ನಂಬಿಸಿದಾಗ ಆ ದುಃಖದಲ್ಲೇ ಪ್ರಾಣ ಬಿಡುತ್ತಾಳೆ. ಇಲ್ಲಿ ತಪ್ಪಿದವನು ರಾಜ, ನಿಷ್ಠೆ ಉಳಿಸಿಕೊಂಡವಳು ರಾಣಿ.

ಶ್ರಾವಕರ ವ್ರತ

ನಮ್ಮ ಅಣುವ್ರತಗಳಲ್ಲಿ ನಾಲ್ಕನೆಯದು ಬ್ರಹ್ಮಚರ್ಯಾಣುವ್ರತ. ಗೃಹಸ್ಥನಿಗೆ ಇದರ ಅರ್ಥ ಸ್ವದಾರ ಸಂತೋಷ. ಗೃಹಿಣಿಗೆ ಸ್ವಪತಿ ಸಂತೋಷ. ಸಪ್ತ ವ್ಯಸನಗಳಲ್ಲಿ ವೇಶ್ಯಾಗಮನ ಮತ್ತು ಪರಸ್ತ್ರೀಗಮನ ಎರಡೂ ಸೇರಿವೆ. ಸಿಂಹಾಸನದ ಮೇಲೆ ಕುಳಿತವನಿಗೆ ಇದರಲ್ಲಿ ವಿನಾಯಿತಿ ಇಲ್ಲ. ಶಾಸನ ಬರೆಸುವವರು ರಾಜನಿಗೆ ಬೇರೆ ತೂಕ ಇಟ್ಟಿರಬಹುದು, ವ್ರತ ಇಟ್ಟಿಲ್ಲ.

ನಮ್ಮ ಮನೆಗಳಿಗೆ

ಸಮಾಜದ ಕೆಲಸದಲ್ಲಿ ಗಂಡ ಹೆಂಡಿರ ಮನಸ್ತಾಪದ ಮಾತುಕತೆಗೆ ಕೆಲವು ಸಲ ಕುಳಿತಿದ್ದೇನೆ. ಸಂಬಂಧ ಕೆಟ್ಟಿರುವುದನ್ನು ಮರ್ಯಾದೆಗೆ ಅಂಜಿ ಮುಚ್ಚಿಟ್ಟು, ಗ್ರಹಚಾರವೆಂದು ಶಾಂತಿ ಮಾಡಿಸುತ್ತಾ ವರ್ಷ ಕಳೆಯುವವರು ಇಂದೂ ಇದ್ದಾರೆ. ಯಶೋಧರ ಮಾಡಿದ್ದೂ ಅದನ್ನೇ. ಅವನು ತಾಯಿಗೆ ನಿಜ ಹೇಳಿದ್ದರೆ ಹಿಟ್ಟಿನ ಕೋಳಿ ಬೇಕಾಗುತ್ತಿರಲಿಲ್ಲ. ಕತ್ತಿ ಇಳಿಸುವ ಸಂಯಮ ಅವನಲ್ಲಿತ್ತು, ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಮುಂದಿನ ಸಲ ಮಕ್ಕಳಿಗೆ ಈ ಕಥೆ ಹೇಳುವಾಗ ಮಾವುತನ ಹಾಡಿನಲ್ಲೇ ನಿಲ್ಲಿಸಬೇಡಿ. ಹಿಟ್ಟಿನ ಕೋಳಿಯ ಕೂಗಿನವರೆಗೂ ಹೇಳಿ. ಹೆಣ್ಣುಮಕ್ಕಳ ಜೊತೆ ಗಂಡುಮಕ್ಕಳನ್ನೂ ಕೂರಿಸಿಕೊಂಡು ಹೇಳಿ.